ಓದುಗರ ಪ್ರಶ್ನೆ: ಮರಳುಗಾಡಿನ ಕೀಟಾಹಾರಿ ಗಿಡವನ್ನು ನಂಬುವಂತೆ ಕಟ್ಟುವುದು ಹೇಗೆ?

ಕಲ್ಪಿತ ಲೋಕಗಳ ಕಥೆ, ಚಿತ್ರಕಥೆ, ಆಟಗಳನ್ನು ಕಟ್ಟುತ್ತಿರುವ ಓದುಗರಿಂದ ಗಿಡಮರಗಳ ಬಗ್ಗೆ ಪ್ರಶ್ನೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ಗಿಡದ ಸುತ್ತ ಇದ್ದವು: ಮರಳುಗಾಡಿನಲ್ಲಿ ಬೆಳೆದು ಜೀವಿಗಳನ್ನು ತಿನ್ನುವ ಗಿಡ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಅದಕ್ಕೇ ಮೀಸಲು. ಉತ್ತರಗಳು ಕೀಟಾಹಾರಿ ಸಸ್ಯಗಳನ್ನು ಬೆಳೆಸಿ, ಓದಿ ಬಲ್ಲ ನಮ್ಮ ಸಸ್ಯಶಾಸ್ತ್ರದ ಬರಹಗಾರರಿಂದ.

ಪ್ರಶ್ನೆ: ನನ್ನ ಕಾದಂಬರಿಯ ಮರಳುಗಾಡಿನಲ್ಲಿ ಒಂಟೆಯನ್ನು ಸವಾರನ ಸಮೇತ ನುಂಗುವ ಗಿಡವಿದೆ. ಕರಡು ಓದಿದ ಗೆಳೆಯರು ಡ್ರ್ಯಾಗನ್‌ಗಳನ್ನು ಒಪ್ಪಿಕೊಂಡರು, ಈ ಗಿಡವನ್ನು ಮಾತ್ರ ಒಪ್ಪಲಿಲ್ಲ. ತಪ್ಪಿರುವುದು ಎಲ್ಲಿ? (ಧಾರವಾಡದ ಓದುಗರು)

ಉತ್ತರ: ಡ್ರ್ಯಾಗನ್ ಬೇಟೆಯಾಡುವುದು ಹೊಟ್ಟೆಪಾಡಿಗೆ. ಗಿಡದ ಹೊಟ್ಟೆಪಾಡು ಬಿಸಿಲಿನಲ್ಲೇ ನಡೆದುಹೋಗುತ್ತದೆ. ಕೀಟಾಹಾರಿ ಗಿಡ ಹುಳ ಹಿಡಿಯುವುದು ಶಕ್ತಿಗಾಗಿ ಅಲ್ಲ. ಮಣ್ಣಿನಲ್ಲಿ ಸಿಗದ ಸಾರಜನಕ, ರಂಜಕಗಳಿಗಾಗಿ. ನಮ್ಮ ರೈತರು ಯೂರಿಯಾ, ಡಿಎಪಿ ಹಾಕಿ ಒದಗಿಸುವುದನ್ನೇ ಅದು ಹುಳದ ಮೈಯಿಂದ ತೆಗೆದುಕೊಳ್ಳುತ್ತದೆ. ಇದನ್ನು ಮರೆತಾಗಲೇ ಗಿಡ ಬೇರೂರಿದ ಹುಲಿಯಾಗಿಬಿಡುತ್ತದೆ, ಓದುವವರಿಗೆ ಎಲ್ಲೋ ತಾಳ ತಪ್ಪಿದ್ದು ಗೊತ್ತಾಗುತ್ತದೆ.

ನಿಮ್ಮ ಒಂಟೆಯ ಲೆಕ್ಕವನ್ನೇ ಹಾಕಿ ನೋಡೋಣ. 400 ಕೆ.ಜಿ. ತೂಗುವ ಪ್ರಾಣಿಯ ಮೈಯಲ್ಲಿ ಸುಮಾರು ಶೇ. 3ರಷ್ಟು, ಎಂದರೆ 12 ಕೆ.ಜಿ. ಸಾರಜನಕ ಇರುತ್ತದೆ. ಗಿಡದ ಒಣ ತೂಕದಲ್ಲಿ ಸಾರಜನಕ ಶೇ. 1.5 ಎಂದು ಹಿಡಿದರೆ ಆ 12 ಕೆ.ಜಿ. ಪೂರ್ತಿ ಬಳಸಿಕೊಳ್ಳಲು ಗಿಡ 800 ಕೆ.ಜಿ. ಒಣ ತೂಕದಷ್ಟು ಬೆಳೆಯಬೇಕು. ಕತ್ತಾಳೆ, ಪಾಪಸುಕಳ್ಳಿಯಂಥ ಮಹಾ ಜಿಪುಣ ಗಿಡಗಳಿಗೂ 1 ಕೆ.ಜಿ. ಒಣ ದ್ರವ್ಯ ಕಟ್ಟಲು 50ರಿಂದ 100 ಲೀಟರ್ ನೀರು ಬೇಕು. ನಡುವಿನ 75 ಲೀಟರ್ ಇಟ್ಟುಕೊಂಡರೂ ಒಟ್ಟು 60,000 ಲೀಟರ್ ಆಯಿತು. ಅಷ್ಟು ನೀರು ಸಿಗುವ ಜಾಗವನ್ನು ಮರಳುಗಾಡು ಎನ್ನುವುದು ಹೇಗೆ? ಗಿಡ ಒಂಟೆಯನ್ನು ಹಿಡಿಯಬಲ್ಲದೇ ಎಂಬುದಕ್ಕಿಂತ, ಹಿಡಿದು ಏನು ಮಾಡೀತು ಎಂಬುದೇ ಇಲ್ಲಿನ ತೊಡಕು.

ಇನ್ನೊಂದು ತೊಂದರೆ ಕೊಳೆಯುವಿಕೆ. ಬೇಟೆ ದೊಡ್ಡದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಾಗುತ್ತದೆ. ಕಿಣ್ವ ಹೊರಗಿನಿಂದ ಒಳಗೆ ಇಳಿಯುವಷ್ಟರಲ್ಲಿ ಒಳಗಿನ ಬ್ಯಾಕ್ಟೀರಿಯಾ ತಮ್ಮ ಕೆಲಸ ಮುಗಿಸಿರುತ್ತವೆ. ದವಡೆಯಂತೆ ಎಲೆ ಮುಚ್ಚಿ ಹುಳ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡ ತನ್ನ ಬಲೆ ಸರಿಯಾಗಿ ಮುಚ್ಚಲಾಗದಷ್ಟು ದೊಡ್ಡ ಹುಳ ಹಿಡಿದರೆ ಸಾಮಾನ್ಯವಾಗಿ ಆ ಎಲೆಯೇ ಕಪ್ಪಾಗಿ ಕೊಳೆತು ಸಾಯುತ್ತದೆ.

ಮನುಷ್ಯರನ್ನು ತಿನ್ನುವ ಮರದ ಕಥೆಗೆ ಹಳೆಯ ಚರಿತ್ರೆಯಿದೆ. 1874ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಮಡಗಾಸ್ಕರ್‌ನಲ್ಲಿ ಅಂಥ ಮರವಿದೆಯೆಂದು ವರದಿ ಮಾಡಿತು. ವರದಿ ಮಾತ್ರವಲ್ಲ, ಅದನ್ನು ಕಂಡನೆಂದು ಹೇಳಲಾದ ಸಂಶೋಧಕನೂ ಕಟ್ಟುಕಥೆಯೇ. ಆದರೂ ದಶಕಗಳ ಕಾಲ ಜನ ನಂಬಿದರು.

ನಿಮ್ಮ ಒಂಟೆಯನ್ನು ಉಳಿಸಿಕೊಳ್ಳುವ ದಾರಿಯೊಂದಿದೆ. ಗಿಡಗಳು ಮೊಣಕಾಲೆತ್ತರ ಇರಲಿ, ನೂರಾರು ಒಂದೇ ಕಡೆ ಬೆಳೆದಿರಲಿ. ದಣಿದ ಒಂಟೆ ಅಲ್ಲಿ ಬಿದ್ದು ಸಾಯಲಿ. ಹೆಣಕ್ಕೆ ನೊಣಗಳು ಮುತ್ತುತ್ತವೆ, ನೊಣಗಳನ್ನು ಗಿಡಗಳು ಹಿಡಿಯುತ್ತವೆ. ಒಂಟೆ ಒಂದೇ ಗಿಡದ ಬಾಯಿಗಲ್ಲ, ಇಡೀ ಬಯಲಿಗೆ ಹಂಚಿಹೋಗುತ್ತದೆ. ಮುಂದಿನ ವರ್ಷ ಎಲುಬುಗಳ ಸುತ್ತ ಮಾತ್ರ ಗಿಡಗಳು ದಟ್ಟವಾಗಿ ಹೂಬಿಟ್ಟಿರುತ್ತವೆ. ದಾರಿ ಬಲ್ಲ ನಿಮ್ಮ ಪಾತ್ರವೊಂದು ಆ ಹೂಗಳನ್ನು ದೂರದಿಂದ ಕಂಡೇ ಹಾದಿ ಬದಲಿಸಬಹುದು.

ಪ್ರಶ್ನೆ: ನಿಜವಾದ ಮರುಭೂಮಿಯಲ್ಲಿ ಕೀಟಾಹಾರಿ ಸಸ್ಯ ಇದೆಯೇ? ಪಠ್ಯಪುಸ್ತಕದಲ್ಲಿ ಜೌಗು ಪ್ರದೇಶ ಎಂದೇ ಓದಿದ್ದೇವೆ. (ರಾಯಚೂರಿನ ವಿದ್ಯಾರ್ಥಿನಿ)

ಉತ್ತರ: ಪಠ್ಯಪುಸ್ತಕ ಹೇಳಿದ್ದು ಹೆಚ್ಚು ಕಡಿಮೆ ಸರಿ. ಬಲೆ ಕಟ್ಟುವುದು ದುಬಾರಿ ಕೆಲಸ. ಬಲೆಯಾದ ಎಲೆ ಅಡುಗೆಮನೆಯಾಗಿ ಅಷ್ಟು ಚೆನ್ನಾಗಿ ದುಡಿಯುವುದಿಲ್ಲ. ಲೋಳೆ, ಜೇನು, ಕಿಣ್ವಗಳಿಗೆ ನೀರೂ ಸಕ್ಕರೆಯೂ ಖರ್ಚಾಗುತ್ತವೆ. 1984ರಲ್ಲಿ ಸಸ್ಯವಿಜ್ಞಾನಿ ಗಿವ್ನಿಶ್ ಮತ್ತು ಸಂಗಡಿಗರು ವೆನೆಜುವೆಲಾದ ಬ್ರೋಚಿನಿಯಾ ಗಿಡವನ್ನು ಮುಂದಿಟ್ಟುಕೊಂಡು ಈ ಆಯವ್ಯಯ ಬರೆದರು. ಬಿಸಿಲು ಧಾರಾಳ, ನೀರು ಧಾರಾಳ, ಕೊರತೆ ಪೋಷಕಾಂಶದ್ದು ಮಾತ್ರ ಎನ್ನುವಲ್ಲಿ ಹುಳ ಹಿಡಿಯುವುದು ಲಾಭದ ವ್ಯವಹಾರ. ನೀರೇ ಇಲ್ಲದ ಕಡೆ ಸಾರಜನಕ ಸಿಕ್ಕರೂ ಬೆಳೆಯಲಾಗದು, ಬಂಡವಾಳ ಮುಳುಗುತ್ತದೆ.

ಆದರೂ ಒಣನೆಲದ ಅಂಚಿಗೆ ಬಂದು ನಿಂತ ಕೆಲವು ಗಿಡಗಳಿವೆ. ಕಲ್ಪಿತ ಗಿಡಕ್ಕೆ ಕಚ್ಚಾಮಾಲು ಇವುಗಳಲ್ಲೇ ಸಿಗುವುದು. ಪೋರ್ಚುಗಲ್, ನೈಋತ್ಯ ಸ್ಪೇನ್, ಉತ್ತರ ಮೊರಾಕೊಗಳ ಒಣ ಗುಡ್ಡಗಳಲ್ಲಿ ಡ್ರಾಸೊಫಿಲಮ್ ಎಂಬ ಅಂಟೆಲೆಯ ಗಿಡ ಇದೆ. ಮಳೆಯಿಲ್ಲದ ಬೇಸಿಗೆಯಲ್ಲೂ ಎಲೆಯ ಮೇಲೆ ಅಂಟುಹನಿ ಹೊತ್ತು ನಿಲ್ಲುತ್ತದೆ. ಎಲೆಗೂದಲಿನ ತುದಿಯ ಅಂಟುಹನಿಯಿಂದ ಬೇಟೆಯಾಡುವ ಡ್ರಾಸೆರಾಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಹಲವು ತೇವದ ತಿಂಗಳುಗಳಲ್ಲಿ ಹುಳ ಹಿಡಿದು, ಬೇಸಿಗೆ ಬಂದೊಡನೆ ಮೇಲಿನದೆಲ್ಲ ಒಣಗಿಸಿ ನೆಲದೊಳಗೆ ಗೆಡ್ಡೆಯಾಗಿ ಮಲಗುತ್ತವೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ ರೋರಿಡ್ಯುಲಾ ಎಂಬ ಇನ್ನೊಂದು ಅಂಟೆಲೆಯ ಗಿಡ ಇದೆ. ಬ್ರೆಜಿಲ್‌ನ ಬಿಳಿ ಮರಳಿನಲ್ಲಿ ಫಿಲ್ಕಾಕ್ಸಿಯಾ ಎಂಬ ಪುಟ್ಟ ಗಿಡ, ಸುಮಾರು 1 ಮಿ.ಮೀ. ಅಗಲದ ಅಂಟೆಲೆಗಳನ್ನು ಮರಳಿನ ಅಡಿಯಲ್ಲಿ ಹರಡಿ, ಅಲ್ಲಿ ಓಡಾಡುವ ದುಂಡುಹುಳುಗಳನ್ನು ತಿನ್ನುತ್ತದೆ. ಬಿಳಿ ಮರಳಿನ ತೆಳುಪದರದ ಮೂಲಕ ಎಲೆಗೆ ಬೇಕಾದ ಬೆಳಕು ಇಳಿಯುತ್ತದೆ. ಇದು ಮಾಂಸಾಹಾರಿ ಎಂದು ಖಚಿತವಾದದ್ದು 2012ರಲ್ಲಿ.

ಪ್ರಶ್ನೆ: ಚಿತ್ರಕಥೆಗಾಗಿ ಬಿಡಿಸುತ್ತಿದ್ದೇನೆ. ಹೂಜಿ, ಅಂಟೆಲೆ, ಮುಚ್ಚುವ ದವಡೆ, ಮರಳಿನ ಗುಂಡಿ, ಇವುಗಳಲ್ಲಿ ಮರಳುಗಾಡಿಗೆ ಯಾವ ಬಲೆ ಹೊಂದುತ್ತದೆ? (ಮೈಸೂರಿನ ಚಿತ್ರಕಲಾವಿದರು)

ಉತ್ತರ: ಒಂದೊಂದಾಗಿ ನೋಡೋಣ. ಬೇಡವಾದವು ಏಕೆ ಬೇಡ ಎಂಬುದರಿಂದಲೇ ಸರಿಯಾದದ್ದು ಸಿಗುತ್ತದೆ.

ಹೂಜಿ ಗಿಡದ ಚಿತ್ರ ಎಷ್ಟು ಚಂದವೋ ಒಣಹವೆಯಲ್ಲಿ ಅಷ್ಟೇ ನಿಷ್ಪ್ರಯೋಜಕ. ಹೂಜಿಯೊಳಗಿನ ನೀರು ಆವಿಯಾಗುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಕಾರಣ. ಇನ್ನೊಂದು ಅದಕ್ಕಿಂತ ಮುಖ್ಯ. ನೆಪೆಂಥಿಸ್ ಎಂಬ ಹೂಜಿ ಗಿಡದ ಬಾಯಂಚು ಒಣಗಿದ್ದಾಗ ಇರುವೆ ಅದರ ಮೇಲೆ ಆರಾಮವಾಗಿ ಓಡಾಡುತ್ತದೆ. ಮಳೆಯೋ ಇಬ್ಬನಿಯೋ ಬಿದ್ದು ತೆಳ್ಳನೆಯ ನೀರಿನ ಪೊರೆ ಕೂತಾಗ ಮಾತ್ರ ಅಂಚು ಜಾರುತ್ತದೆ, ಇರುವೆ ಒಳಗೆ ಬೀಳುತ್ತದೆ. ಒಣಗಿದಾಗಲೂ ಜಾರುವುದು ಕೆಲವು ಜಾತಿಗಳ ಒಳಗೋಡೆಯ ಮೇಣದ ಪುಡಿ. ಹೂಜಿಯೇ ಬೇಕೆಂದರೆ ಅದನ್ನು ನೆಲದೊಳಗೆ ಹೂತುಬಿಡಿ, ಬಾಯಿ ಚಿಕ್ಕದು ಮಾಡಿ, ಹಗಲಲ್ಲಿ ಮುಚ್ಚುವ ಮುಚ್ಚಳ ಕೊಡಿ, ಒಳಗೋಡೆಗೆ ಮೇಣ ಬಳಿಯಿರಿ.

ದವಡೆಯ ಬಲೆಗೆ ಮರಳುಗಾಳಿಯೇ ಶತ್ರು. ವೀನಸ್ ಫ್ಲೈಟ್ರ್ಯಾಪ್‌ನ ಒಳಗಿನ ಸೂಕ್ಷ್ಮ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಅದು 0.1 ಸೆಕೆಂಡಿನ ಆಸುಪಾಸಿನಲ್ಲಿ ಮುಚ್ಚುತ್ತದೆ. ಎರಡು ಸಲ ಎಂಬ ನಿಯಮವೇ ಹುಸಿ ಎಚ್ಚರಿಕೆ ತಪ್ಪಿಸಲು. ಒಳಗೆ ಸಿಕ್ಕಿದ್ದು ಇನ್ನೂ ಒದ್ದಾಡಿ ಐದಾರು ಸಲ ಮುಟ್ಟಿದ ಮೇಲಷ್ಟೇ ಕಿಣ್ವದ ತಯಾರಿ. ಆದರೆ ಮರಳುಗಾಳಿಯಲ್ಲಿ 20 ಸೆಕೆಂಡಿಗೆ ಎರಡಲ್ಲ, ನೂರಾರು ಕಣಗಳು ಬಡಿಯುತ್ತವೆ. ಸುಮ್ಮನೆ ಮುಚ್ಚಿದ ಬಲೆ ಮತ್ತೆ ತೆರೆಯಲು ಒಂದು ದಿನವೇ ಹಿಡಿದೀತು, ಒಂದೊಂದು ಬಲೆಗೂ ಕೆಲವೇ ಸಲ ಮುಚ್ಚುವ ಆಯುಷ್ಯ. ದವಡೆ ಬಿಡಿಸಲೇಬೇಕೆಂದಿದ್ದರೆ ಗಾಳಿ ಇಳಿದ ಮೇಲೆ, ರಾತ್ರಿ ಮಾತ್ರ ತೆರೆಯುವಂತೆ ಬಿಡಿಸಿ.

ಮರಳಿನ ಗುಂಡಿ ಇರುವೆಸಿಂಹ ಎಂಬ ಕೀಟದ ಮರಿಯ ಕಸುಬು. ಒಣ ಮರಳು ತಾನಾಗಿ ನಿಲ್ಲುವ ಇಳಿಜಾರು ಸುಮಾರು 30ರಿಂದ 35 ಡಿಗ್ರಿ. ಆ ಅಂಚಿನಲ್ಲೇ ಗುಂಡಿ ಇದ್ದರೆ ಕಾಲಿಟ್ಟ ಇರುವೆ ಕುಸಿಯುತ್ತದೆ. ಆದರೆ ಅದು ದಿನವೂ ಗುಂಡಿ ತೋಡುತ್ತದೆ, ಮರಳು ಚಿಮ್ಮುತ್ತದೆ. ಗಿಡಕ್ಕೆ ಆ ಸ್ನಾಯು ಇಲ್ಲ. ಒಂದು ರಾತ್ರಿಯ ಗಾಳಿಗೆ ಗುಂಡಿ ತುಂಬಿಹೋಗುತ್ತದೆ.

ಉಳಿದದ್ದು ಅಂಟು. ಇಲ್ಲಿ ಎರಡು ಬಗೆಯಿದೆ, ವ್ಯತ್ಯಾಸ ಬಹಳ ದೊಡ್ಡದು. ಡ್ರಾಸೆರಾದ ಹನಿ ನೀರಿನ ಲೋಳೆ, ಬಹುಪಾಲು ನೀರೇ. ಒಣಗಾಳಿಗೆ ಇಂಗಿಹೋಗುತ್ತದೆ. ಆದರೆ ನೀರಿನದಾದ್ದರಿಂದ ಅದರಲ್ಲಿ ಕಿಣ್ವ ಕರಗಿ ಕೆಲಸ ಮಾಡುತ್ತದೆ. ರೋರಿಡ್ಯುಲಾದ ಹನಿ ರಾಳ. ಒಣಗದು, ಮಳೆಗೂ ತೊಳೆದುಹೋಗದು. ಆದರೆ ರಾಳದಲ್ಲಿ ಕಿಣ್ವ ಕೆಲಸ ಮಾಡಲಾರದು, ಹುಳ ಸಿಕ್ಕಿ ಸತ್ತರೂ ಗಿಡ ಅದನ್ನು ನೇರವಾಗಿ ಅರಗಿಸಲಾರದು. ಹಾಗಾದರೆ ಊಟ ಹೇಗೆ? ಆ ಗಿಡದ ಮೇಲೆಯೇ ಬದುಕುವ ಒಂದು ತಿಗಣೆಯಿದೆ. ಮೈಮೇಲಿನ ಜಿಡ್ಡಿನಿಂದಾಗಿ ಅದು ರಾಳಕ್ಕೆ ಅಂಟಿಕೊಳ್ಳುವುದಿಲ್ಲ. ಸಿಕ್ಕಿಬಿದ್ದ ಹುಳಗಳ ರಸ ಹೀರುತ್ತದೆ, ಎಲೆಯ ಮೇಲೆ ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯ ಸಾರಜನಕವನ್ನು ಎಲೆ ಹೀರುತ್ತದೆ. ಮರಳುಗಾಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಮಗೆ ತೋಚುವುದಿಲ್ಲ. ಅರಗಿಸುವ ನೀರಿನ ಖರ್ಚನ್ನು ಗಿಡ ತಿಗಣೆಯ ಹೊಟ್ಟೆಗೆ ವರ್ಗಾಯಿಸಿಬಿಟ್ಟಿದೆ.

ಅಂಟೆಲೆಗೂ ಒಂದು ಮುನ್ನೆಚ್ಚರಿಕೆ. ಮರಳು ಹಾರುವಲ್ಲಿ ಹುಳಕ್ಕಿಂತ ಮೊದಲು ಮರಳೇ ಅಂಟುತ್ತದೆ. ನಮೀಬಿಯಾದ ದಕ್ಷಿಣದ ಸ್ಯಾಮೊಫೊರಾ ಗಿಡ ಬೇಕೆಂದೇ ಹಾಗೆ ಮೈತುಂಬ ಮರಳು ಅಂಟಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಗಿಡವನ್ನು ಮರಳುದಿಬ್ಬದ ಮೇಲೆ ಬಿಡಿಸಬೇಡಿ. ಜಲ್ಲಿ ಬಯಲು, ಒಣಗಿದ ಹೊಳೆಪಾತ್ರ, ಬಂಡೆಯ ಮರೆ ಒಳ್ಳೆಯದು. ನಮೀಬ್ ಮರುಭೂಮಿಯ ವೆಲ್‌ವಿಚಿಯಾ ಗಿಡ ನಿಲ್ಲುವುದೂ ಅಂಥಲ್ಲೇ.

ಪ್ರಶ್ನೆ: ಆಟವೊಂದನ್ನು ವಿನ್ಯಾಸ ಮಾಡುತ್ತಿದ್ದೇವೆ. ನಮಗೆ ಅಂಕಿಗಳು ಬೇಕು. ಒಂದು ಗಿಡ, ಅದರ ಭಾಗಗಳು, ವರ್ಷಕ್ಕೆ ಎಷ್ಟು ನೀರು, ಎಷ್ಟು ಬೇಟೆ? (ಬೆಂಗಳೂರಿನ ಆಟ ವಿನ್ಯಾಸಕರ ಗುಂಪು)

ಉತ್ತರ: ಈ ಪತ್ರ ನಮಗೆ ಬಹಳ ಖುಷಿ ಕೊಟ್ಟಿತು. ಒಂದು ಗಿಡವನ್ನೇ ಕಟ್ಟಿಕೊಡುತ್ತೇವೆ. ಹೆಸರು ಮಂಜುಗಾಳ ಎಂದಿರಲಿ.

ಮೊದಲು ನಕ್ಷೆ. ನಮೀಬ್, ಅಟಕಾಮಾ ಎರಡೂ ಮಂಜಿನ ಮರುಭೂಮಿಗಳಾಗಿರುವುದು ಪಕ್ಕದಲ್ಲೇ ಹರಿಯುವ ತಣ್ಣನೆಯ ಸಮುದ್ರ ಪ್ರವಾಹಗಳಿಂದ. ನಿಮ್ಮ ಲೋಕದಲ್ಲೂ ಮರಳುಗಾಡಿನ ಪಶ್ಚಿಮಕ್ಕೆ ಕಡಲನ್ನೂ ಅದರಲ್ಲಿ ಧ್ರುವದ ಕಡೆಯಿಂದ ಬರುವ ತಣ್ಣೀರಿನ ಪ್ರವಾಹವನ್ನೂ ಎಳೆಯಿರಿ. ಮಳೆ ಬಾರದು, ಮಂಜು ಬರುತ್ತದೆ. ವರ್ಷಕ್ಕೆ 100 ಮಂಜಿನ ರಾತ್ರಿಗಳು ಎಂದಿಟ್ಟುಕೊಳ್ಳೋಣ. ಗಿಡ ಕಡಲಿನಿಂದ ಒಳನಾಡಿಗೆ ಹೋದಂತೆ ವಿರಳವಾಗಬೇಕು, ಮಂಜು ತಲುಪದ ಗೆರೆಯಾಚೆ ಒಂದೂ ಇರಬಾರದು. ಆಟದಲ್ಲಿ ದಿಕ್ಕು ತಿಳಿಯಲು ಇದೇ ಸುಳಿವಾಗಬಹುದು.

ಗಿಡದಲ್ಲಿ 6 ಎಲೆಗಳು. ಒಂದೊಂದೂ 40 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, ದೋಣಿಯಂತೆ ನಡುವೆ ತಗ್ಗು. ಎಲೆಯ ಎರಡೂ ಅಂಚಿಗೆ ರಾಳದ ಹನಿ ಹೊತ್ತ ಕೆಂಪು ಕೂದಲು. ನಡುವಿನ ತಗ್ಗು ಬೋಳು, ಮೇಣ ಮೆತ್ತಿದ್ದು. ಮಂಜಿನ ಹನಿ ಅಲ್ಲಿ ಕೂಡಿ ಬುಡದ ಕಡೆಗೆ ಹರಿಯುತ್ತದೆ. ಬುಡದಲ್ಲಿ, ನೆಲದ ಮಟ್ಟಕ್ಕಿಂತ ಕೆಳಗೆ, ಕಾಫಿ ಲೋಟದಷ್ಟು ದೊಡ್ಡ ಬಟ್ಟಲು. ಹೀರುವ ಗ್ರಂಥಿಗಳೆಲ್ಲ ಇರುವುದು ಈ ಬಟ್ಟಲಿನ ಗೋಡೆಯಲ್ಲಿ. ಬೆಳಗಾಗುತ್ತಲೇ ಎಲೆಬುಡಗಳು ಉಬ್ಬಿ ಬಟ್ಟಲಿನ ಬಾಯಿ ಮುಚ್ಚುತ್ತವೆ. ಪತ್ರರಂಧ್ರಗಳು ತೆರೆಯುವುದೂ ರಾತ್ರಿಯೇ. ಕತ್ತಾಳೆ, ಪಾಪಸುಕಳ್ಳಿ, ಅನಾನಸು ಮಾಡುವಂತೆ ರಾತ್ರಿ ಇಂಗಾಲದ ಡೈಆಕ್ಸೈಡ್ ತುಂಬಿಟ್ಟುಕೊಂಡು ಹಗಲು ಬೇಯಿಸಿಕೊಳ್ಳುತ್ತದೆ. ಎಲೆಯ ಮೇಲೆ ರಾಳಕ್ಕೆ ಅಂಟದ ತಿಗಣೆಗಳು. ಅವುಗಳ ಹಿಕ್ಕೆ ತಗ್ಗಿಗೆ ಬೀಳುತ್ತದೆ, ಮಂಜುನೀರು ಅದನ್ನು ಬಟ್ಟಲಿಗೆ ಒಯ್ಯುತ್ತದೆ.

ಈಗ ಲೆಕ್ಕ. ಎಲೆಗಳ ಒಟ್ಟು ವಿಸ್ತಾರ ಸುಮಾರು 0.1 ಚದರ ಮೀಟರ್. ಮಂಜು ಹಿಡಿಯಲೆಂದೇ ಕಟ್ಟುವ ಬಲೆಪರದೆಗಳಲ್ಲಿ ಒಳ್ಳೆಯ ರಾತ್ರಿ ಚದರ ಮೀಟರಿಗೆ ಒಂದು ಲೀಟರಿಗೂ ಮಿಕ್ಕಿ ನೀರು ಕೂಡುವ ತಾಣಗಳಿವೆ. ಎಲೆ ಪರದೆಯಷ್ಟು ದಕ್ಷವಲ್ಲ, 0.3 ಲೀಟರ್ ಹಿಡಿಯೋಣ. ಗಿಡಕ್ಕೆ ರಾತ್ರಿಗೆ 30 ಮಿ.ಲೀ., ವರ್ಷಕ್ಕೆ 3 ಲೀಟರ್. ಗ್ರಾಂ ಒಣ ತೂಕಕ್ಕೆ 75 ಮಿ.ಲೀ. ಲೆಕ್ಕದಲ್ಲಿ ವರ್ಷದ ಬೆಳವಣಿಗೆ 40 ಗ್ರಾಂ. ಅದಕ್ಕೆ ಬೇಕಾದ ಸಾರಜನಕ 600 ಮಿ.ಗ್ರಾಂ. ಕೀಟದ ಒಣ ತೂಕದಲ್ಲಿ ಹತ್ತನೇ ಒಂದು ಭಾಗ ಸಾರಜನಕ. ಮನೆನೊಣದ ಒಣ ತೂಕ 4 ಮಿ.ಗ್ರಾಂ. ಎಂದರೆ ಒಂದು ನೊಣದಿಂದ 0.4 ಮಿ.ಗ್ರಾಂ. ತಿಗಣೆಯ ಪಾಲು, ಸೋರಿಹೋದದ್ದು ಎಲ್ಲ ಕಳೆದು ಅರ್ಧ ಮಾತ್ರ ಗಿಡಕ್ಕೆ ದಕ್ಕಿದರೆ ವರ್ಷಕ್ಕೆ 3,000 ನೊಣ ಬೇಕು. ಅದೇ 200 ಮಿ.ಗ್ರಾಂ. ಒಣ ತೂಕದ ದುಂಬಿಯಾದರೆ 60 ಸಾಕು, ವಾರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಮಂಜುಗಾಳ ದುಂಬಿಗಳ ಗಿಡವಾಗಬೇಕು ಎಂದು ಲೆಕ್ಕವೇ ಹೇಳಿಕೊಡುತ್ತದೆ.

ದುಂಬಿ ಏಕೆ ಬರಬೇಕು? ನೀರಿಗೆ. ನಮೀಬ್‌ನ ಕೆಲವು ದುಂಬಿಗಳು ಮಂಜಿನ ಹೊತ್ತು ದಿಬ್ಬದ ನೆತ್ತಿಗೆ ಹತ್ತಿ, ತಲೆ ಕೆಳಗೆ ಮಾಡಿ ನಿಂತು, ಬೆನ್ನ ಮೇಲೆ ಕೂತ ಹನಿ ಬಾಯಿಗೆ ಇಳಿಯುವಂತೆ ಮಾಡುತ್ತವೆ. ಎಲೆಯ ತಗ್ಗಿನಲ್ಲಿ ನೀರು ಹೊಳೆಯುವುದೂ ದುಂಬಿಗಳು ಬಾಯಾರಿ ಹೊರಡುವುದೂ ಒಂದೇ ರಾತ್ರಿ. ಮರಳುಗಾಡಿನಲ್ಲಿ ಜೇನಿಗಿಂತ ನೀರೇ ದೊಡ್ಡ ಆಮಿಷ, ಅದನ್ನು ತಯಾರಿಸಲು ಗಿಡ ಸಕ್ಕರೆ ಖರ್ಚು ಮಾಡಬೇಕಿಲ್ಲ.

ಆಟದಲ್ಲಿ ಏನೇನು ಕೆಡಬಹುದು ಎಂಬುದನ್ನೂ ಸೇರಿಸಿಕೊಳ್ಳಿ. ಮಂಜು ಎರಡು ತಿಂಗಳು ತಪ್ಪಿದರೆ ಹಿಕ್ಕೆ ಎಲೆಯ ಮೇಲೆಯೇ ಒಣಗಿ ಉಪ್ಪುಗಟ್ಟುತ್ತದೆ, ತಗ್ಗಿನ ಅಂಗಾಂಶ ಸುಡುತ್ತದೆ. ಗಿಡ ಹೊರಗಿನ ಎಲೆಗಳನ್ನು ಬಲಿಕೊಟ್ಟು ನಡುವಿನ ಎರಡನ್ನು ಉಳಿಸಿಕೊಳ್ಳಬೇಕು. ತಿಗಣೆಗಳು ಸತ್ತರೆ ಅಂಚಿನ ತುಂಬ ಹುಳಗಳಿದ್ದೂ ಗಿಡ ಹಳದಿಯಾಗುತ್ತದೆ. ತಿಗಣೆಗಳು ಮಿತಿಮೀರಿದರೆ, ಬೇಟೆ ಸಾಲದೆ ಎಲೆಯ ರಸಕ್ಕೇ ಬಾಯಿ ಹಾಕುತ್ತವೆ. ಆಟಗಾರ ಕುಡಿಯಲು ಬಟ್ಟಲು ಬರಿದು ಮಾಡಿದರೆ ಸಿಗುವುದು 30 ಮಿ.ಲೀ., ಅದೂ ಹಿಕ್ಕೆ ಕದಡಿದ್ದು.

ಪ್ರಶ್ನೆ: ಗಿಡ ತನ್ನ ಹೂವಿಗೆ ಬರುವ ದುಂಬಿಯನ್ನೇ ತಿಂದುಬಿಟ್ಟರೆ ಬೀಜ ಕಟ್ಟುವುದು ಹೇಗೆ? (ಮಂಗಳೂರಿನ ಪ್ರೌಢಶಾಲಾ ಶಿಕ್ಷಕಿ)

ಉತ್ತರ: ನಿಜದ ಗಿಡಗಳಿಗೂ ಇರುವ ಇಕ್ಕಟ್ಟು ಇದು. ವೀನಸ್ ಫ್ಲೈಟ್ರ್ಯಾಪ್ ನೆಲಕ್ಕಂಟಿದ ಬಲೆಗಳಿಂದ ಬಹಳ ಮೇಲೆ, ಉದ್ದ ದಂಟಿನ ತುದಿಯಲ್ಲಿ ಹೂಬಿಡುತ್ತದೆ; ಹಾರಿ ಬರುವವರು ಹೂವಿಗೆ, ನಡೆದು ಬರುವವರು ಬಲೆಗೆ. ಡ್ರಾಸೊಫಿಲಮ್‌ಗೆ ತನ್ನದೇ ಪರಾಗದಿಂದಲೂ ಬೀಜವಾಗುತ್ತದೆ. ಮಂಜುಗಾಳಕ್ಕೆ ಹೊತ್ತು ಬೇರೆ ಮಾಡಿ: ಬಲೆ ರಾತ್ರಿಯ ನಡೆದಾಡುವ ದುಂಬಿಗಳಿಗೆ, ಅರ್ಧ ಮೀಟರ್ ದಂಟಿನ ಮೇಲಿನ ಹೂ ಹಗಲಿನ ಜೇನ್ನೊಣಗಳಿಗೆ. ಹುಳ ಒಳಗೆ ಸಿಕ್ಕಿಕೊಂಡ ಮಾತ್ರಕ್ಕೆ ಗಿಡ ಮಾಂಸಾಹಾರಿ ಅಲ್ಲ ಎಂಬುದನ್ನು ಮಕ್ಕಳಿಗೆ ಹೇಳಲು ಆಫ್ರಿಕಾದ ಒಣನೆಲದ ಹಿಡ್ನೋರಾ ಒಳ್ಳೆಯ ಉದಾಹರಣೆ. ಅದರ ನಾರುವ ಹೂ ದುಂಬಿಗಳನ್ನು ಕೆಲಕಾಲ ಸೆರೆಯಿಟ್ಟು, ಪರಾಗ ಮೆತ್ತಿ, ಬಿಟ್ಟುಬಿಡುತ್ತದೆ. ತಿನ್ನುವುದಿಲ್ಲ.

ಪ್ರಶ್ನೆ: ಡ್ರಾಸೊಫಿಲಮ್ ಅನ್ನು ಬಳ್ಳಾರಿಯ ತಾರಸಿಯಲ್ಲಿ ಬೆಳೆಸಬಹುದೇ? ಬರೆಯುವ ಮೊದಲು ಕಣ್ಣಾರೆ ನೋಡಬೇಕೆಂಬ ಆಸೆ. (ಬಳ್ಳಾರಿಯ ಕಥೆಗಾರರು)

ಉತ್ತರ: ಕಷ್ಟ, ಆದರೆ ಪ್ರಯತ್ನಕ್ಕೆ ತಕ್ಕ ಗಿಡ. ಒಣ ಬಿಸಿಲನ್ನು ಅದು ತಡೆಯುತ್ತದೆ. ಬೆಚ್ಚನೆಯ ರಾತ್ರಿ ಮತ್ತು ಒದ್ದೆ ಬೇರು ಒಟ್ಟಿಗೆ ಸೇರಿದರೆ ಸಾಯುತ್ತದೆ. ನಮ್ಮಲ್ಲಿ ಅದನ್ನು ಕೊಲ್ಲುವುದು ಮುಂಗಾರು, ಮೇ ತಿಂಗಳ ಬಿಸಿಲಲ್ಲ.

ಅಕ್ಟೋಬರಿನಲ್ಲಿ ಬಿತ್ತಿ. ಬೀಜ ಕಪ್ಪಗೆ, ಗಟ್ಟಿ ಸಿಪ್ಪೆಯದು. ನಯವಾದ ಉಪ್ಪುಕಾಗದದ ಮೇಲೆ ಒಂದು ಬದಿಯನ್ನು ಮೆಲ್ಲನೆ ಉಜ್ಜಿ, ಒಳಗಿನ ತಿಳಿಬಣ್ಣ ಇಣುಕಿದೊಡನೆ ನಿಲ್ಲಿಸಿ, ಮಳೆನೀರಿನಲ್ಲಿ 24 ಗಂಟೆ ನೆನೆಸಿ. ಬಣ್ಣ ಬಳಿಯದ ಮಣ್ಣಿನ ಕುಂಡ, ಕನಿಷ್ಠ 25 ಸೆಂ.ಮೀ. ಆಳ. ದಪ್ಪ ಹೊಳೆಮರಳು 2 ಪಾಲು, ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಹರಳು) 1, ಪೀಟ್ (ಜೌಗಿನ ಅರೆಕೊಳೆತ ಪಾಚಿಪುಡಿ) 1. ತೋಟದ ಮಣ್ಣು, ಗೊಬ್ಬರ ಏನೂ ಬೇಡ. ತೆಂಗಿನ ನಾರಿನಪುಡಿ ಬಳಸುವಿರಾದರೆ ಉಪ್ಪು ಹೋಗುವವರೆಗೆ ತೊಳೆಯಿರಿ. ಕುಂಡಕ್ಕೆ ಎರಡು ಬೀಜ, 3ರಿಂದ 5 ಮಿ.ಮೀ. ಆಳದಲ್ಲಿ, ಬೆಳೆಯಬೇಕಾದ ಕುಂಡದಲ್ಲೇ ಬಿತ್ತಿ. ಬೇರು ಅಲುಗಿದರೆ ಈ ಗಿಡ ಕ್ಷಮಿಸುವುದಿಲ್ಲ, ಕಿತ್ತು ನೆಡುವ ಮಾತೇ ಇಲ್ಲ. ಮೊಳಕೆ ಎರಡು ಮೂರು ವಾರಕ್ಕೂ ಬಂದೀತು, ಎರಡು ಮೂರು ತಿಂಗಳಿಗೂ ಬಂದೀತು.

ಬೋರ್‌ವೆಲ್ ನೀರು ಹಾಕಲೇಬೇಡಿ. ಮಳೆನೀರು ಅಥವಾ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 50ಕ್ಕಿಂತ ಕಡಿಮೆಯಿರುವ ಆರ್‌ಒ ನೀರು. ಸಸಿ ನಿಂತ ಮೇಲೆ ಈ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಟ್ಟು ನಡುವೆ ಮರಳು ತುಂಬಿ. ನೀರನ್ನು ಆ ಮರಳಿಗೆ ಹಾಕಿ, ಒಳಕುಂಡದ ಗೋಡೆ ತನಗೆ ಬೇಕಾದಷ್ಟು ಹೀರಿಕೊಳ್ಳಲಿ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು, ಮಾರ್ಚ್‌ನಿಂದ ಮೇವರೆಗೆ ನಡುಹಗಲಿಗೆ ಮಾತ್ರ ನೆರಳುಬಲೆ. ಜೂನ್‌ನಿಂದ ಮಳೆ ಬೀಳದ, ಗಾಳಿಯಾಡುವ ಸೂರಿನಡಿ. ಕೆಳಗಿನ ಹಳೆ ಎಲೆಗಳು ಕಂದಾಗಿ ಜೋತುಬಿದ್ದರೆ ಅದು ಸಹಜ, ಕೀಳಬೇಡಿ. ಹೊಸ ಎಲೆಯಲ್ಲಿ ಹನಿ ಇಲ್ಲದಿದ್ದರೆ ಸಾಮಾನ್ಯವಾಗಿ ಬೆಳಕು ಸಾಲದು. ನಡುಸುಳಿಯೇ ಕಪ್ಪಾದರೆ ಬೇರು ಕೊಳೆತಿದೆ, ಉಳಿಸಲಾಗದು. ಹೂಬಿಟ್ಟ ಗಿಡದಿಂದ ಬೀಜ ತೆಗೆದಿಟ್ಟುಕೊಳ್ಳುವುದೇ ವಿಮೆ. ಬೀಜ ಹೊರದೇಶದಿಂದ ತರಿಸುವುದಾದರೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು.

ಗಿಡ ಬಂದರೆ, ಎಲೆ ಬಿಚ್ಚಿಕೊಳ್ಳುವ ರೀತಿ ನೋಡಿ. ಜರೀಗಿಡದ ಎಳೆ ಎಲೆ ಒಳಮುಖವಾಗಿ ಸುರುಳಿ ಸುತ್ತಿರುತ್ತದೆ, ಇದರದು ಹೊರಮುಖವಾಗಿ. ಹತ್ತಿರ ಹೋದರೆ ಜೇನಿನ ವಾಸನೆ. ಆಮೇಲೆ ಒಂದು ನೊಣ ಕೂರುವವರೆಗೆ ಕಾಯಿರಿ. ಡ್ರಾಸೆರಾದ ಕೂದಲು ಬಾಗುತ್ತದೆ, ಇದರದು ಬಾಗುವುದಿಲ್ಲ. ಹನಿ ಕೂದಲಿನಿಂದ ಸಲೀಸಾಗಿ ಕಳಚಿ ನೊಣದ ಕಾಲಿಗೆ ಹತ್ತುತ್ತದೆ. ನೊಣ ಮುಂದಿನ ಹೆಜ್ಜೆಯಿಡುತ್ತದೆ, ಇನ್ನೊಂದು ಹನಿ. ರೆಕ್ಕೆ ಮೈಗೆ ಅಂಟುತ್ತದೆ, ಹೊಟ್ಟೆಯ ಬದಿಯ ಉಸಿರುರಂಧ್ರಗಳು ಮುಚ್ಚುತ್ತವೆ. ಅದು ಹಿಡಿತಕ್ಕೆ ಸಿಕ್ಕಿ ಸಾಯುವುದಿಲ್ಲ, ನಡೆದಾಡುತ್ತಲೇ ಮುಳುಗಿ ಸಾಯುತ್ತದೆ. ಕೂದಲಿಲ್ಲದ, ಎಲೆಗೆ ಅಂಟಿಕೊಂಡ ಇನ್ನೊಂದು ಬಗೆಯ ಗ್ರಂಥಿಗಳು ರಸ ಒಸರುವುದು ಆನಂತರ. 1875ರಲ್ಲಿ ಡಾರ್ವಿನ್ ಪ್ರಕಟಿಸಿದ ವಿವರಗಳಲ್ಲೂ ಇದು ಬರುತ್ತದೆ. ಪೋರ್ಚುಗಲ್‌ನ ಒಪೊರ್ಟೊ ಸುತ್ತಲಿನ ಹಳ್ಳಿಗರು ನೊಣ ಹಿಡಿಯಲು ಈ ಗಿಡವನ್ನು ಮನೆಯೊಳಗೆ ತೂಗುಹಾಕುತ್ತಿದ್ದರೆಂದೂ ಅವರು ಬರೆದಿದ್ದಾರೆ. ನಿಮ್ಮ ಕಥೆಯ ಮರಳುಗಾಡಿನ ಜನರೂ ಈ ಉಪಾಯ ಕಂಡುಕೊಂಡಿರಬಹುದಲ್ಲ!

ಪ್ರಶ್ನೆ: ಮಳೆಗಾಲದ ಕೊನೆಯಲ್ಲಿ ನಮ್ಮೂರಿನ ಮುರಕಲ್ಲಿನ ಹಾಸಿನ ಮೇಲೆ ಕೆಂಪು ಅಂಟುಗಿಡ ಕಂಡೆ. ಕಿತ್ತು ತಂದು ಕುಂಡದಲ್ಲಿಟ್ಟರೆ ಬದುಕೀತೇ? (ಹೊನ್ನಾವರದ ಓದುಗರು)

ಉತ್ತರ: ಬದುಕದು, ಕೀಳಬೇಡಿ. ನೆಲಕ್ಕೆ ನಾಣ್ಯದಂತೆ ಅಂಟಿಕೊಂಡಿದ್ದರೆ ಡ್ರಾಸೆರಾ ಬರ್ಮಾನಿ, ಉದ್ದ ತೆಳು ಎಲೆಗಳಿಂದ ಎದ್ದು ನಿಂತಿದ್ದರೆ ಡ್ರಾಸೆರಾ ಇಂಡಿಕಾ. ಎರಡೂ ಸಾಮಾನ್ಯವಾಗಿ ಒಂದೇ ಋತುವಿನ ಗಿಡಗಳು: ಬಂಡೆ ಒಣಗುವುದರೊಳಗೆ ಬೀಜ ಚೆಲ್ಲಿ ಮುಗಿಯುತ್ತವೆ. ನೀವು ಕಿತ್ತದ್ದು ಮುಂದಿನ ವರ್ಷದ ಬೀಜ. ಬೆಳಿಗ್ಗೆ 8ರೊಳಗೆ ಹೋಗಿ, ಸೂರ್ಯನಿಗೆ ಎದುರಾಗಿ ಮಂಡಿಯೂರಿ ಭೂತಕನ್ನಡಿಯಲ್ಲಿ ನೋಡಿ. ನಿಂತ ನೆಲವನ್ನೂ ಗಮನಿಸಿ: ತೆಳು ಜಲ್ಲಿ, ಸೋರುವ ನೀರು, ಪಕ್ಕದಲ್ಲಿ ಯುಟ್ರಿಕ್ಯುಲೇರಿಯಾ ಎಂಬ ಇನ್ನೊಂದು ಕೀಟಾಹಾರಿಯ ನೀಲಿ ಹೂಗಳು. ಕೆಲವೇ ತಿಂಗಳಲ್ಲಿ ಅದೇ ಹಾಸು ಕಾದ ಕಾವಲಿಯಾಗಿರುತ್ತದೆ. ಬೀಜವಾಗಿ ಬೇಸಿಗೆ ದಾಟುವುದೂ ಮರಳುಗಾಡಿನ ಗಿಡಕ್ಕೆ ಒಂದು ದಾರಿ ಎಂಬುದನ್ನು ನಮ್ಮ ಕರಾವಳಿಯಲ್ಲೇ ಕಾಣಬಹುದು.

ಪ್ರಶ್ನೆ: ಮಕ್ಕಳ ನಾಟಕಕ್ಕೆ ಇಂಥದೊಂದು ಗಿಡ ರಂಗದ ಮೇಲೆ ಬೇಕು. ಅಂಟುಹನಿ ಹೊಳೆಯಬೇಕು, ಮಕ್ಕಳ ಬಟ್ಟೆಗೆ ಅಂಟಬಾರದು. (ಸಾಗರದ ರಂಗಕರ್ಮಿ)

ಉತ್ತರ: 0.8ರಿಂದ 1 ಮಿ.ಮೀ. ದಪ್ಪದ ನೈಲಾನ್ ಮೀನುಗಾಳದ ದಾರ ತನ್ನಿ. 5 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ. ಇಕ್ಕಳದಲ್ಲಿ ಹಿಡಿದು ತುದಿಯನ್ನು ಮೇಣದಬತ್ತಿಯ ಜ್ವಾಲೆಯ ಪಕ್ಕಕ್ಕೆ ತಂದರೆ ನೈಲಾನ್ ಕರಗಿ ತಾನೇ ಗುಂಡಗಿನ ಮಣಿಯಾಗುತ್ತದೆ. ಜ್ವಾಲೆಯೊಳಗೆ ಹಿಡಿದರೆ ಕಪ್ಪಾಗುತ್ತದೆ, ಹೊತ್ತಿಕೊಳ್ಳುತ್ತದೆ. ಈ ಕೆಲಸ ದೊಡ್ಡವರೇ ಮಾಡಲಿ, ಕಿಟಕಿ ತೆರೆದಿರಲಿ. ದಂಟಿಗೆ ಕೆಂಪು ಅಕ್ರಿಲಿಕ್ ಬಣ್ಣ, ಮಣಿಗೆ ಬಣ್ಣ ಬೇಡ. ಮಣಿಯನ್ನು ಪಾರದರ್ಶಕ ಉಗುರುಬಣ್ಣದಲ್ಲಿ ಎರಡು ಸಲ, ನಡುವೆ ಒಣಗಲು ಬಿಟ್ಟು, ಅದ್ದಿ ತೆಗೆದರೆ ಹನಿ ದೊಡ್ಡದಾಗುತ್ತದೆ.

ಎಲೆಗೆ 5 ಮಿ.ಮೀ. ದಪ್ಪದ ಫೋಮ್ ಹಾಳೆ, ಬೆನ್ನಿಗೆ ಬಗ್ಗುವ ಅಲ್ಯೂಮಿನಿಯಂ ತಂತಿ. ದಬ್ಬಣದಿಂದ 1.5 ಸೆಂ.ಮೀ.ಗೊಂದು ತೂತು ಮಾಡಿ, ದಾರದ ತುಂಡನ್ನು ಹಿಂದಿನಿಂದ ತೂರಿಸಿ, ಹಿಂಬದಿಯಲ್ಲೇ ಅಂಟು ಹಾಕಿ. ಮುಂದೆ ಹಾಕಿದರೆ ಬೆಳಕಿಗೆ ಬಿಳಿ ಕಲೆ ಕಾಣುತ್ತದೆ. ಕೂದಲು ಅಂಚಿನಲ್ಲಿ ಉದ್ದ, ನಡುವೆ ಗಿಡ್ಡ. ದೀಪ ಮುಂದಿನಿಂದ ಬಿದ್ದರೆ ಹನಿಗಳು ಕಾಣುವುದೇ ಇಲ್ಲ; ಗಿಡದ ಹಿಂದೆ, ಒಂದು ಪಕ್ಕದಲ್ಲಿ, ನೆಲಮಟ್ಟದಲ್ಲಿ ಒಂದು ಬಿಳಿ ದೀಪವಿಟ್ಟು ಅದರ ಬಾಯಿ ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ಕಲ್ಲಿನ ಆಕೃತಿಯಿಂದ ಮರೆಮಾಡಿ.